ಟೈಪ್‌ರೈಟರ್ ಅಲ್ಲ ಸ್ವಾಮೀ, ಬಾಸ್ ಗಿಟಾರು

ಹೋದ ತಿಂಗಳು ಮಳವಳ್ಳಿಯಲ್ಲಿ ನೆಂಟರ ಮನೆಯ ಆರತಕ್ಷತೆ. ಊಟದ ಗದ್ದಲ ಸ್ವಲ್ಪ ಕಡಿಮೆಯಾದ ಮೇಲೆ ಹುಡುಗರು ಬಿಡಲಿಲ್ಲ, ಬಾಸ್ ಗಿಟಾರು ತೆಗೆದೆ. ಎರಡೂ ಕೈಯ ಬೆರಳುಗಳನ್ನ ಫ್ರೆಟ್ಟುಗಳ ಮೇಲೇ ತಟ್ಟುತ್ತಾ ಮೋಹನದಲ್ಲಿ ನಾಲ್ಕು ಸಾಲು ನುಡಿಸಿದೆ. ಮುಂದೆ ಕೂತಿದ್ದ ಹಿರಿಯರೊಬ್ಬರು, ಸಂಗೀತ ಬಲ್ಲವರೇ, "ಇದೇನಪ್ಪಾ, ಬಾಸೋ ಟೈಪ್‌ರೈಟರೋ?" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ನಗು ಬರಲಿಲ್ಲ, ಅದಕ್ಕೇ ಇಷ್ಟು ಬರೀತಿದೀನಿ.

ನಾನು ಈ ಕಡೆಯ ರಸಮಂಜರಿಗಳಲ್ಲಿ ಬಾಸ್ ನುಡಿಸಿದವನು. ಗಣೇಶನ ಹಬ್ಬ, ಜಾತ್ರೆ, ರಾಜ್ಯೋತ್ಸವ, ಎಲ್ಲ ಕಡೆಗೂ. ವೇದಿಕೆಯ ಹಿಂದೆ, ಸ್ಪೀಕರ್ ಪಕ್ಕ, ಫೋಟೋದಲ್ಲಿ ಅರ್ಧ ತೋಳು ಮಾತ್ರ ಬರೋ ಜಾಗ. ಆಮೇಲೆ ಒಂದು ದಿನ "ಕೀಬೋರ್ಡಿನವನ ಎಡಗೈಯಲ್ಲೇ ಬಾಸ್ ಬರುತ್ತೆ ಗುರು, ಬೇಜಾರು ಮಾಡ್ಕೋಬೇಡ" ಅಂದ್ರು. ಇನ್ನೂ ಸ್ವಲ್ಪ ದಿನಕ್ಕೆ ಕೀಬೋರ್ಡಿನವನನ್ನೂ ಮನೆಗೆ ಕಳಿಸಿ ಪೆನ್ ಡ್ರೈವಲ್ಲಿ ಟ್ರ್ಯಾಕ್ ಹಾಕಿದ್ರು. ಯಾರನ್ನೂ ದೂರಲ್ಲ, ದುಡ್ಡಿನ ಲೆಕ್ಕ ನನಗೂ ಅರ್ಥ ಆಗುತ್ತೆ. ಆದ್ರೆ ಒಬ್ಬನೇ ಕೂತು ನುಡಿಸಬೇಕಾದ ಪರಿಸ್ಥಿತಿ ಬಂದಾಗ ಬಾಸ್ ಗಿಟಾರಿನವನು ಏನು ಮಾಡಬೇಕು? "ಧುಂ... ಧುಂ..." ಅಂತ ಒಬ್ಬನೇ ಬಾರಿಸಿದ್ರೆ ಹೆಂಡ್ತಿಯೂ ಕೇಳಲ್ಲ. ನಾನು ಎರಡು ಕೈಯ ಟ್ಯಾಪಿಂಗ್ ಕಲಿಯೋಕೆ ಹೊರಟಿದ್ದು ಈ ಕಾರಣಕ್ಕೆ, ಸರ್ಕಸ್ ಮಾಡೋಕಲ್ಲ.

ಇದು ಪಡ್ಡೆ ಹುಡುಗರ ಷೋಕಿ ಅನ್ನೋರಿಗೆ ಒಂದಿಷ್ಟು ಇಸವಿ ಹೇಳ್ತೀನಿ. ಅಮೆರಿಕದ ಜಿಮ್ಮಿ ವೆಬ್‌ಸ್ಟರ್ ಅನ್ನೋ ಗಿಟಾರ್ ವಾದಕ ಎರಡು ಕೈಯಿಂದ ತಟ್ಟಿ ನುಡಿಸೋ ಕ್ರಮದ ಬಗ್ಗೆ 1952ರಲ್ಲೇ ಪುಸ್ತಕ ಬರೆದಿದ್ದ. ಲಿಯೋ ಫೆಂಡರ್ ತನ್ನ ಬಾಸ್ ಗಿಟಾರನ್ನ ಮಾರುಕಟ್ಟೆಗೆ ಬಿಟ್ಟಿದ್ದೇ 1951ರಲ್ಲಿ, ಅಂದ್ರೆ ವಾದ್ಯಕ್ಕೂ ಪುಸ್ತಕಕ್ಕೂ ಒಂದೇ ವರ್ಷದ ಅಂತರ. ಎಮ್ಮೆಟ್ ಚಾಪ್‌ಮನ್ 1969ರಲ್ಲಿ ಎರಡೂ ಕೈಗಳನ್ನ ತಂತಿಗೆ ಅಡ್ಡಲಾಗಿ ಇಟ್ಟು ನುಡಿಸೋ ದಾರಿ ಕಂಡುಕೊಂಡು, ಅದಕ್ಕೆ ಅಂತಲೇ 'ಸ್ಟಿಕ್' ಅನ್ನೋ ಬೇರೆ ವಾದ್ಯ ಮಾಡಿದ. 1978ರಲ್ಲಿ ವ್ಯಾನ್ ಹೇಲನ್ ಬಂದ ಮೇಲೆ ಲೋಕಕ್ಕೆಲ್ಲ ಗೊತ್ತಾಯ್ತು. 1988ರಲ್ಲಿ ಸ್ಟೂ ಹ್ಯಾಮ್ ಬೀಥೋವನ್ನನ ಮೂನ್‌ಲೈಟ್ ಸೊನಾಟಾವನ್ನ ಬಾಸ್ ಗಿಟಾರೊಂದರಲ್ಲೇ ತಟ್ಟಿ ನುಡಿಸಿದ. ಷೋಕಿ ಅಂತೆ!

ಅದೆಲ್ಲ ಪರದೇಶದ್ದು ಅಂತೀರಾ? ಸರಿ, ಮನೆಗೇ ಬರೋಣ. ವೀಣೆಯಲ್ಲಿ ಸ್ಫುರಿತ ಅಂತ ಒಂದು ಗಮಕ ಇದೆ, ದಶವಿಧ ಗಮಕಗಳಲ್ಲಿ ಒಂದು. ಜಂಟಿ ವರಸೆಯಲ್ಲಿ ಸಸ ರಿರಿ ಗಗ ನುಡಿಸುವಾಗ ಎರಡನೇ ಸ್ವರಕ್ಕೆ ಕೆಳಗಿನ ಮೆಟ್ಟಿಲಿಂದ ಎಡಗೈ ಬೆರಳನ್ನ ಕುಟ್ಟಿ ಒತ್ತು ಕೊಡ್ತಾರಲ್ಲ, ಅದೇ. ತಂತಿಯನ್ನ ಮೆಟ್ಟಿಲಿಗೆ ಕುಟ್ಟಿ ನಾದ ಎಬ್ಬಿಸೋದು ತಾನೇ ಟ್ಯಾಪಿಂಗೂ? ವೀಣೆ ಶೇಷಣ್ಣನವರ ಮೈಸೂರು ಇಲ್ಲಿಂದ ಎಷ್ಟು ದೂರ! ಅಲ್ಲಿ ಎಡಗೈ ಕುಟ್ಟಿದ್ರೆ ಗಮಕ, ಮಳವಳ್ಳಿಯಲ್ಲಿ ಬಲಗೈ ಕುಟ್ಟಿದ್ರೆ ಟೈಪ್‌ರೈಟರು. ಇದ್ಯಾವ ನ್ಯಾಯ?

ಇನ್ನೂ ಹತ್ತಿರ ಬೇಕಾ? ಬೊಪ್ಪೇಗೌಡನಪುರ ನಮ್ಮ ತಾಲ್ಲೂಕಲ್ಲೇ ಇದೆ. ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರನ್ನ ನೋಡಿಲ್ಲದವರು ಈ ಕಡೆ ಯಾರಿದ್ದಾರೆ? ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ, ಬಾಯಲ್ಲಿ ರಾತ್ರಿಯೆಲ್ಲಾ ಕಥೆ. ಎರಡು ಕೈಗೆ ಎರಡು ಕೆಲಸ, ಎರಡೂ ಒಂದೇ ತಾಳಕ್ಕೆ. ಅವರನ್ನ ಯಾರೂ ಸರ್ಕಸ್ ಅಂದಿದ್ದು ನಾನು ಕೇಳಿಲ್ಲ. ನನ್ನ ಎಡಗೈ ಮಾಡೋದು ತಂಬೂರಿ ಕೆಲಸ, ಬಲಗೈಯದ್ದು ಮಾತ್ರ ಹಾಡು.

ಹಾಗಂತ ಟ್ಯಾಪಿಂಗ್ ಪರವಾಗಿ ಇರೋರ ಮೇಲೂ ನನಗೆ ಸಿಟ್ಟಿದೆ. ನಿಜ ಹೇಳಬೇಕಂದ್ರೆ ಇವರ ಮೇಲೇ ಜಾಸ್ತಿ. ವಿಡಿಯೋ ಹಾಕಿ ಮೊದಲ ನಿಮಿಷಕ್ಕೇ ಮೂರನೇ ಕಾಲದಲ್ಲಿ ಹಾರಿಸ್ತಾರೆ. ಸರಳೆ ವರಸೆಯನ್ನ ಮೂರು ಕಾಲದಲ್ಲಿ ಹೇಳಿಕೊಡೋ ಊರಲ್ಲಿ ಹುಟ್ಟಿ ನಾನೂ ಅದನ್ನ ನೋಡ್ಕೊಂಡು ಕುಟ್ಟಿದೆ. ಹದಿನೈದೇ ದಿನಕ್ಕೆ ಬಲ ಮಣಿಕಟ್ಟು ಹಿಡ್ಕೊಂಡು, ತಿಂಗಳುಗಟ್ಟಲೆ ಚೊಂಬು ಎತ್ತೋಕೂ ಆಗ್ತಿರಲಿಲ್ಲ. ಬಾಸ್ ತಂತಿ ದಪ್ಪ, ಜೋರಾಗಿ ಹೊಡೆದ್ರೇ ನಾದ ಬರೋದು ಅಂದ್ಕೊಂಡಿದ್ದೆ. ತಪ್ಪು. ಬೇಕಿರೋದು ಬೆರಳು ಬೀಳೋ ಜಾಗ. ಫ್ರೆಟ್ಟಿನ ತಂತಿಗೆ ಅಂಟಿದ ಹಾಗೆ, ಅದರ ಹಿಂದೆಯೇ ಬೀಳಬೇಕು. ಅಲ್ಲಿ ಬಿದ್ರೆ ಮೆಲ್ಲಗೆ ತಟ್ಟಿದ್ರೂ ಸಾಕು. ಎರಡು ಫ್ರೆಟ್ಟುಗಳ ನಟ್ಟನಡುವೆ ಬಿದ್ರೆ ಎಷ್ಟು ಗುದ್ದಿದ್ರೂ ಕಟಕಟ ಸದ್ದೇ. ತಂತಿಯ ಎತ್ತರವನ್ನೂ ಸ್ವಲ್ಪ ಇಳಿಸಿ. ನಟ್ ಹತ್ತಿರ ತಂಗಿಯ ಜಡೆ ಹಾಕೋ ರಬ್ಬರ್ ಬ್ಯಾಂಡ್ ಸುತ್ತಿ, ಖಾಲಿ ತಂತಿಗಳ ಗುಂಯ್ ಅನ್ನೋದು ನಿಲ್ಲುತ್ತೆ.

ಮೊದಲ ಪಾಠ ಇಷ್ಟೇ. ಕೊನೆಯ ಜಿ ತಂತಿ. ಎಡಗೈ ತೋರುಬೆರಳು ಐದನೇ ಫ್ರೆಟ್ಟಲ್ಲಿ, ಅದು ಸ. ಎಂಟನೆಯದಕ್ಕೆ ಕಿರುಬೆರಳು, ಸಾಧಾರಣ ಗಾಂಧಾರ. ಬಲಗೈ ಬೆರಳು ಹನ್ನೆರಡನೆಯದನ್ನ ತಟ್ಟಿದ್ರೆ ಪ. ತಟ್ಟಿ, ಬೆರಳನ್ನ ನೇರ ಮೇಲಕ್ಕೆ ಎತ್ತಬೇಡಿ, ಪಕ್ಕಕ್ಕೆ ಎಳೆದು ಬಿಡಿ. ಆ ಎಳೆತಕ್ಕೇ ಕೆಳಗಿನ ಸ ನುಡಿಯೋದು. ಆಮೇಲೆ ಕಿರುಬೆರಳು ಕುಟ್ಟಿ ಗ. ಪ ಸ ಗ, ಪ ಸ ಗ... ತಿಶ್ರ. ಮೂರೂ ಒಂದೇ ಗಾತ್ರದಲ್ಲಿ ಕೇಳಿಸೋವರೆಗೆ ಮೊದಲ ಕಾಲ ಬಿಡಬಾರದು. ನನಗೆ ಎರಡು ತಿಂಗಳು ಹಿಡೀತು. ನಾಚಿಕೆ ಇಲ್ಲ.

ಅದಾದ ಮೇಲೆ ತಂಬೂರಿ ಪಾಠ. ಎಡಗೈ ಎ ತಂತಿಯ ಮೂರನೇ ಫ್ರೆಟ್ಟು, ಇ ತಂತಿಯ ಮೂರನೇ ಫ್ರೆಟ್ಟು, ಸ ಮತ್ತು ಮಂದ್ರ ಪ. ಇವೆರಡನ್ನೇ ನಿಧಾನಕ್ಕೆ ಕುಟ್ಟುತ್ತಿರಬೇಕು. ಬಲಗೈ ಡಿ ತಂತಿಯ ಹತ್ತು, ಹನ್ನೆರಡು, ಜಿ ತಂತಿಯ ಒಂಬತ್ತು, ಹನ್ನೆರಡು, ಹದಿನಾಲ್ಕು. ಸ ರಿ ಗ ಪ ಧ, ಮೋಹನ ಕೈಗೆ ಬಂತು! ತಾಳ ಹಾಕೋಕೆ ಕೈ ಉಳಿದಿಲ್ಲ, ಕಾಲಲ್ಲೇ ಹಾಕ್ಕೊಳ್ಳಿ. ಮೊದಲ ವಾರ ಬಲಗೈ ಸ್ವರ ಬದಲಿಸಿದಾಗೆಲ್ಲ ಎಡಗೈ ನಿಂತುಬಿಡುತ್ತೆ, ಎತ್ತುಗಳು ಒಂದಕ್ಕೊಂದು ಕಾಯೋ ಹಾಗೆ. ಬೇಸರ ಬೇಡ. ನಮ್ಮಲ್ಲಿ ಸಂಜೆ ಕರೆಂಟು ಹೋದಾಗ ಆಂಪ್ಲಿಫೈಯರ್ ಇಲ್ಲದೆ ಸಾಧನೆ ಮಾಡ್ತೀನಿ, ಪಕ್ಕದ ಮನೆಯವರಿಗೂ ನೆಮ್ಮದಿ. (1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರ ಇರೋದೂ ನಮ್ಮ ತಾಲ್ಲೂಕಲ್ಲೇ. ಇರಲಿ ಬಿಡಿ.)

ಆ ಹಿರಿಯರ ಮಾತಲ್ಲಿ ಒಂದು ಪಾಲು ನಿಜ ಇದೆ, ಒಪ್ಪಿಕೊಳ್ತೀನಿ. ಬಾಸಿನ ಮೊದಲ ಕೆಲಸ ಹಾಡನ್ನ ಹೊರೋದು. 1981ರ 'ಗೀತಾ' ಚಿತ್ರದಲ್ಲಿ ಇಳಯರಾಜಾ ಬಾಸ್ ಕೈಲಿ ಮಾಡಿಸಿದ ಕೆಲಸ ಕೇಳಿ, ಎಲ್ಲೂ ತಟ್ಟಾಟ ಇಲ್ಲ, ಆದ್ರೂ ಹಾಡು ನಿಂತಿರೋದು ಅದರ ಮೇಲೇ. ಹಾಡಿನ ನಡುವೆ ಗಾಯಕರ ಬಾಯಿ ಮುಚ್ಚಿಸೋ ಹಾಗೆ ಟ್ಯಾಪ್ ಮಾಡೋ ಬಾಸಿಸ್ಟಿನ ವೈರನ್ನ ನಾನೇ ಕಿತ್ತು ಹಾಕ್ತೀನಿ. ಆದ್ರೆ ಹೊರೋಕೆ ಹಾಡೇ ಕೊಡದೆ ವೇದಿಕೆಯಿಂದ ಇಳಿಸಿದ ಮೇಲೂ "ನೀನು ಹಿಂದೆಯೇ ನಿಂತ್ಕೋ" ಅಂದ್ರೆ, ಯಾರ ಹಿಂದೆ ಸ್ವಾಮೀ? ಮುಂದೆ ಇರೋದು ಪೆನ್ ಡ್ರೈವು.

ಆ ಆರತಕ್ಷತೆಯಲ್ಲಿ ಅವರ ಮೊಮ್ಮಗ ನನ್ನ ಬೆರಳನ್ನೇ ನೋಡ್ತಾ ನಿಂತಿದ್ದ. ಎಂಟನೇ ಕ್ಲಾಸಂತೆ. ಬರೋ ಭಾನುವಾರ ಕಳಿಸಿ ಅಂತ ಹೇಳಿ ಕಳಿಸಿದ್ದೀನಿ, ಬಲಗೈ ಉಗುರು ಕತ್ತರಿಸಿಕೊಂಡು ಬರಲಿ ಅಂತಲೂ. ಅಜ್ಜನೂ ಜೊತೆಗೆ ಬಂದ್ರೆ ಸಂತೋಷ, ಕಾಫಿ ನನ್ನದು, ಜಂಟಿ ವರಸೆ ಅವರೇ ಹೇಳಿಕೊಡಲಿ.