ಬೇಸಗೆಯ ಮುನ್ಸೂಚನೆಗೆ ಊರಿನ ಹೆಸರುಗಳು ಬೇಕು

ಬೇಸಗೆ ಬಂದಿತೆಂದರೆ ಆಕಾಶವಾಣಿಯಲ್ಲಿಯೂ ದಿನಪತ್ರಿಕೆಗಳಲ್ಲಿಯೂ ನಾವು ದಿನವೂ ಕೇಳುವ ಮಾತೊಂದುಂಟು: ಕರಾವಳಿ ಕರ್ನಾಟಕದಲ್ಲಿ ಒಣಹವೆ ಮುಂದುವರಿಯುವುದು, ಉಷ್ಣತೆಯಲ್ಲಿ ಹೆಚ್ಚಿನ ಬದಲಾವಣೆ ಇರಲಾರದು ಎಂಬುದೇ ಅದರ ಸಾರ. ಈ ಮಾತು ಸುಳ್ಳಲ್ಲ. ಆದರೆ ಕಾರವಾರದ ಮೀನುಗಾರನಿಗೂ ಸುಳ್ಯದ ಅಡಕೆ ತೋಟದ ಕೂಲಿಕಾರನಿಗೂ ಒಂದೇ ವಾಕ್ಯದಲ್ಲಿ ಉತ್ತರ ಹೇಳಹೊರಟರೆ ಇಬ್ಬರಿಗೂ ಅರ್ಧ ಉತ್ತರವೇ ದೊರೆಯುತ್ತದೆ. ಕರಾವಳಿಯ ಬೇಸಗೆಯನ್ನು ಕುರಿತ ಮುನ್ಸೂಚನೆಯು ಆ ನಾಡಿನ ಜನರು ತಮ್ಮ ನೆಲಕ್ಕೆ ಇಟ್ಟುಕೊಂಡಿರುವ ಹೆಸರುಗಳನ್ನು ಬಳಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಇದು ಬರಿಯ ಭಾಷಾಭಿಮಾನದ ಮಾತಲ್ಲ, ಭೌತವಿಜ್ಞಾನದ ಮಾತು.

1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯು ದೇಶವನ್ನು 36 ಉಪವಿಭಾಗಗಳಾಗಿ ವಿಂಗಡಿಸಿದೆ. ಕರ್ನಾಟಕದ ಪಾಲಿಗೆ ಬಂದವು ಮೂರು: ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಎಂಬ ಮೂರು ಜಿಲ್ಲೆಗಳು ಸೇರಿ ಕರಾವಳಿ ವಿಭಾಗವಾಯಿತು. ಇದು ಆಡಳಿತದ ಗಡಿ, ಗಾಳಿಯ ಗಡಿಯಲ್ಲ. ಉತ್ತರ ಕನ್ನಡದೊಳಗೆ ಘಟ್ಟದ ಮೇಲಿನ ಶಿರಸಿಯೂ ಇದೆ, ಸಿದ್ಧಾಪುರವೂ ಇದೆ. ಇತ್ತ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತಾದರೂ ಕಡಲಗಾಳಿಯೇನೂ ತಲಪಾಡಿಯಲ್ಲಿ ನಿಂತು ಹಿಂದಿರುಗುವುದಿಲ್ಲ.

ಕರಾವಳಿಯ ಬೇಸಗೆಯನ್ನು ಆಳುವುದು ಎರಡು ಗಾಳಿಗಳ ಪೈಪೋಟಿ. ಸೂರ್ಯನ ಶಾಖಕ್ಕೆ ನೆಲವು ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಹೊತ್ತೇರಿದಂತೆ ನೆಲದ ಮೇಲಣ ಗಾಳಿಯು ಹಗುರವಾಗಿ ಮೇಲೇಳಲು, ಕಡಲಿನ ತಂಪು ಗಾಳಿಯು ಒಳಕ್ಕೆ ನುಗ್ಗುತ್ತದೆ. ಇದು ಪಡುಗಾಳಿ. ಇದಕ್ಕೆ ಎದುರಾಗಿ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಘಟ್ಟವಿಳಿದು ಬರುವುದು ಮೂಡುಗಾಳಿ. ಒಣಗಾಳಿಯು ಒಂದು ಕಿಲೋಮೀಟರ್ ಕೆಳಗಿಳಿದರೆ ಒತ್ತಡಕ್ಕೆ ಸಿಕ್ಕಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತದೆ. ಮೂಡುಗಾಳಿ ಬಲವಾಗಿದ್ದ ದಿನ ಪಡುಗಾಳಿ ತಡವಾಗಿ ಹೊರಡುತ್ತದೆ. ಅಷ್ಟರೊಳಗೆ ಪಾದರಸವು ಮೇಲೇರಿರುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿಯೇ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂದುದನ್ನು ವಾಚಕರು ನೆನೆಯಬಹುದು.

ಹೀಗಿರಲು ಒಂದು ಊರಿನ ಬಿಸಿಲನ್ನು ನಿರ್ಧರಿಸುವ ಮೊದಲ ಪ್ರಶ್ನೆ, ಅದು ಕಡಲಿನಿಂದ ಎಷ್ಟು ದೂರ ಎಂಬುದು. ನಮ್ಮ ಹಿರಿಯರು ಇದಕ್ಕೆ ಉತ್ತರವನ್ನು ಊರಿನ ಹೆಸರಿನಲ್ಲಿಯೇ ಇಟ್ಟಿದ್ದಾರೆ. ಪಡುಬಿದಿರೆ ಕಡಲಂಚಿನಲ್ಲಿದೆ, ಮೂಡುಬಿದಿರೆ ಕಡಲಿನಿಂದ ಇಪ್ಪತ್ತು ಕಿಲೋಮೀಟರಿಗೂ ಒಳಗಿದೆ. ಪಡು ಎಂದರೆ ಪಶ್ಚಿಮ, ಮೂಡು ಎಂದರೆ ಪೂರ್ವ. ಎರಡನೆಯ ಪ್ರಶ್ನೆ ನೆಲದ ಎತ್ತರ ಮತ್ತು ತೇವ. ಇದಕ್ಕೂ ಹೆಸರುಗಳುಂಟು. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಕೆಂಪು ಮುರಕಲ್ಲಿನ ಬೋಳು ಹಾಸು ಪದವು. ಹೊಳೆಯ ನಡುವಣ ನಡುಗಡ್ಡೆ ಕುದ್ರು. ಹೊಳೆ ಕಡಲನ್ನು ಸೇರುವ ಬಾಯಿ ಅಳಿವೆ. ಬೈಲಿನ ಮೇಲೆ ಬಿದ್ದ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದರಲ್ಲಿಯೇ ವೆಚ್ಚವಾಗುತ್ತದೆ. ಪದವಿನಲ್ಲಿ ಆವಿಯಾಗಲು ನೀರೆಲ್ಲಿಯದು? ಬಿದ್ದ ಶಾಖವೆಲ್ಲ ಕಲ್ಲನ್ನೂ ಅದರ ಮೇಲಣ ಗಾಳಿಯನ್ನೂ ಕಾಯಿಸುತ್ತದೆ. ಈ ಪದಗಳು ಬರಿಯ ಹೆಸರುಗಳಲ್ಲ, ತಲೆಮಾರುಗಳ ಅವಲೋಕನದ ಸಂಗ್ರಹಗಳು.

ಮುನ್ಸೂಚನೆಯಲ್ಲಿ ಇವುಗಳ ಅರಿವಿಲ್ಲದಿದ್ದರೆ ಆಗುವ ನಷ್ಟವೇನು? ಇಲಾಖೆಯ ನಿಯಮದಂತೆ ಕರಾವಳಿಯ ನಿಲ್ದಾಣದಲ್ಲಿ ಉಷ್ಣತೆಯು 37 ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಅದು ಬಿಸಿಗಾಳಿ. ಉಪವಿಭಾಗದ ಎರಡು ನಿಲ್ದಾಣಗಳಲ್ಲಾದರೂ ಎರಡು ದಿನ ಹೀಗಿದ್ದರೆ ಘೋಷಣೆಯಾಗುತ್ತದೆ. ಆದರೆ ಪಣಂಬೂರಿನ ನಿಲ್ದಾಣವು ಕಡಲ ಮಗ್ಗುಲಲ್ಲಿದೆ. ಅಲ್ಲಿ ಪಡುಗಾಳಿ ಬೀಸಿ ಪಾದರಸ ಇಳಿದ ಹೊತ್ತಿನಲ್ಲಿ ಮೂಡಣದ ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವವನ ನೆತ್ತಿಯ ಮೇಲೆ ಬಿಸಿಲು ಹಾಗೆಯೇ ಇರಬಹುದು. ಅವನು ಮಧ್ಯಾಹ್ನ ಕೆಲಸ ನಿಲ್ಲಿಸಬೇಕೆ ಬೇಡವೆ ಎಂಬುದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ.

ಇನ್ನೊಂದು ಪದವನ್ನೂ ಮುನ್ಸೂಚನೆಯು ಕಲಿಯಬೇಕಾಗಿದೆ. ಅದು ಸೆಕೆ. ಬಿಸಿಲು ಬೇರೆ, ಸೆಕೆ ಬೇರೆ ಎಂಬುದನ್ನು ಕರಾವಳಿಯ ಮಗುವೂ ಬಲ್ಲದು. ಒಂದು ಲೆಕ್ಕ ನೋಡೋಣ. 35 ಡಿಗ್ರಿಯ ತೇವದ ಚರ್ಮದ ಮೇಲೆ ಆವಿಯ ಒತ್ತಡವು ಸುಮಾರು 56 ಮಿಲಿಬಾರ್. ಕಲಬುರಗಿಯಲ್ಲಿ 41 ಡಿಗ್ರಿ ಉಷ್ಣತೆಯೂ ಶೇಕಡ 20ರ ಆರ್ದ್ರತೆಯೂ ಇದ್ದರೆ ಗಾಳಿಯಲ್ಲಿರುವ ಆವಿಯ ಒತ್ತಡ ಸುಮಾರು 16. ಮಂಗಳೂರಿನಲ್ಲಿ 33 ಡಿಗ್ರಿಯೂ ಶೇಕಡ 70ರ ಆರ್ದ್ರತೆಯೂ ಇದ್ದರೆ ಅದು ಸುಮಾರು 35. ಬೆವರು ಆರುವ ವೇಗವು ಈ ಎರಡು ಒತ್ತಡಗಳ ಅಂತರವನ್ನು ಅವಲಂಬಿಸಿದೆ. ಕಲಬುರಗಿಯಲ್ಲಿ ಅಂತರ 40, ಮಂಗಳೂರಿನಲ್ಲಿ 21. ಗಾಳಿಯ ಬೀಸು ಒಂದೇ ಆಗಿದ್ದರೆ ಮಂಗಳೂರಿನಲ್ಲಿ ಬೆವರು ಆರುವ ವೇಗ ಸುಮಾರು ಅರ್ಧ ಮಾತ್ರ. ಉಷ್ಣಮಾಪಕವು 33 ಎನ್ನುತ್ತದೆ, ದೇಹವು ಸೆಕೆ ಎನ್ನುತ್ತದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ.

ಇದಕ್ಕೆ ಆಕ್ಷೇಪಗಳುಂಟು. ಹಲವು ದಶಕಗಳ ದಾಖಲೆಗಳನ್ನು ಹೋಲಿಸಲು ಸ್ಥಿರವಾದ ವಿಭಾಗಗಳು ಬೇಕು ಎನ್ನುವರು. ನಿಜ, ದಾಖಲೆಗೆ ಅವು ಇರಲಿ. ತುಳು, ಕನ್ನಡ, ಕೊಂಕಣಿಗಳಲ್ಲಿ ಹೆಸರುಗಳು ಬೇರೆಬೇರೆ ಎನ್ನುವರು. ಅದೂ ನಿಜ, ಅದಕ್ಕಾಗಿಯೇ ಅರ್ಥವನ್ನು ನಿಷ್ಕರ್ಷಿಸಿದ ಒಂದು ಪದಕೋಶ ಬೇಕು. ಮೂರನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು: ಅಳತೆಗಿಂತ ಸೂಕ್ಷ್ಮವಾದ ಮಾತು ವಿಜ್ಞಾನವಲ್ಲ. 2024ರಿಂದ ಗ್ರಾಮ ಪಂಚಾಯತಿಗಳಿಗೂ ಮುನ್ಸೂಚನೆ ದೊರೆಯುತ್ತಿದೆ. 2025ರಲ್ಲಿ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಚೌಕಗಳು 6 ಕಿಲೋಮೀಟರಿನವು. ಅಂತಹ ಒಂದೇ ಚೌಕದೊಳಗೆ ಕಡಲೂ ಅಳಿವೆಯೂ ಪದವೂ ಅಡಗಬಹುದು. ಆದಕಾರಣ ಪ್ರತಿಯೊಂದು ಬೈಲಿಗೂ ಒಂದು ಅಂಕಿಯನ್ನು ನಾವು ಕೇಳುವುದಿಲ್ಲ. ಕಡಲಂಚು, ನಡುವಣ ಪದವುಗಳ ನಾಡು, ಘಟ್ಟದ ಬುಡ ಎಂದು ಮೂರು ಪಟ್ಟಿಗಳನ್ನಾದರೂ ಬೇರ್ಪಡಿಸಿ ಹೇಳಿ, ಉಷ್ಣತೆಯೊಂದಿಗೆ ಸೆಕೆಯನ್ನೂ ಹೇಳಿದರೆ ಸಾಕು.

ಈ ಕಾರ್ಯದಲ್ಲಿ ವಿದ್ಯಾರ್ಥಿಗಳಿಗೂ ಪಾಲುಂಟು. ಒಂದು ಸಾಮಾನ್ಯ ಉಷ್ಣಮಾಪಕ, ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ಮತ್ತೊಂದು, ಒಂದು ನೋಟುಪುಸ್ತಕ ಇವಿಷ್ಟೇ ಸಾಧನಗಳು. ಒಂದೇ ಶಾಲೆಗೆ ಬೈಲಿನಿಂದಲೂ ಪದವಿನಿಂದಲೂ ಮಕ್ಕಳು ಬರುವರಷ್ಟೆ? ಅವರು ಒಂದೇ ಹೊತ್ತಿನಲ್ಲಿ ನೆರಳಿನ ಉಷ್ಣತೆಯನ್ನು ಅಳೆದು, ತಮ್ಮ ನೆಲದ ಹೆಸರಿನ ಮುಂದೆ ಬರೆದಿಡಲಿ. ಎರಡು ಬೇಸಗೆ ಕಳೆಯುವುದರೊಳಗೆ ಯಾವ ಹೆಸರಿನಲ್ಲಿ ಎಷ್ಟು ವಿಜ್ಞಾನವಿದೆಯೆಂಬುದು ಅಂಕಿಗಳಿಂದಲೇ ತಿಳಿದುಬರುವುದು.