ಎತ್ತಿಗೆ ಲಸಿಕೆ ಇದೆ, ಟ್ರ್ಯಾಕ್ಟರ್‌ಗೆ ತಪಾಸಣೆ ಇಲ್ಲ

ಮುಂಗಾರಿನ ಹದಮಳೆ ಬಿದ್ದ ಮರುದಿನ ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವರ ಫೋನಿಗೆ ಬಿಡುವಿರುವುದಿಲ್ಲ. ಇದು ರಾಜ್ಯದ ಮಧ್ಯ ಒಣವಲಯ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳು ಅದರೊಳಗೇ ಬರುತ್ತವೆ. ಇಲ್ಲಿನ ಕೆಂಪು ಮಣ್ಣು ತೇವವನ್ನು ಬಹಳ ದಿನ ಹಿಡಿದಿಡುವುದಿಲ್ಲ. ಕಡಲೆಕಾಯಿ ಬಿತ್ತನೆಗೆ ಸಿಗುವುದು ಕೆಲವೇ ದಿನಗಳ ಹದ. ಅಷ್ಟರೊಳಗೆ ಒಂದೊಂದು ಟ್ರ್ಯಾಕ್ಟರ್ ಹಲವರ ಹೊಲ ಮುಗಿಸಬೇಕು. ಅಂಥ ಹೊತ್ತಿನಲ್ಲಿ ಗಾಡಿ ಸಾಲಿನ ನಡುವೆ ಕೆಮ್ಮಿ ನಿಂತರೆ ನಷ್ಟ ಮಾಲೀಕನೊಬ್ಬನದಲ್ಲ, ಸರದಿಯಲ್ಲಿ ಕಾದು ಕೂತವರೆಲ್ಲರದು.

ಹೀಗೆ ನಿಂತ ಗಾಡಿಯ ಎಂಜಿನ್ ಅನೇಕ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಕಟ್ಟಿಕೊಂಡಿರುವುದು ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಡೀಸೆಲ್ ದಾರಿಯಲ್ಲಿರುವ ಫಿಲ್ಟರ್. ಕೆಲವು ನೂರು ರೂಪಾಯಿಯ ಸಾಮಾನು. ಅದನ್ನು ಕಾಲಕಾಲಕ್ಕೆ ಬದಲಿಸದೆ ಪಂಪು, ನಾಜಲ್ ಹಾಳಾದರೆ ಲೆಕ್ಕ ಸಾವಿರಗಳಿಗೆ ಏರುತ್ತದೆ. ಟ್ರ್ಯಾಕ್ಟರ್ ಕೊಳ್ಳಲು ಸಹಾಯಧನ ಕೊಡುವ ಸರ್ಕಾರ, ಕೊಂಡ ಟ್ರ್ಯಾಕ್ಟರ್ ಬಿತ್ತನೆಯ ಹೊತ್ತಿಗೆ ಓಡುತ್ತದೆಯೇ ಎಂದು ನೋಡುವ ಗೋಜಿಗೆ ಹೋಗುವುದಿಲ್ಲ. ಈ ಉದಾಸೀನ ಸಾಕು.

ಕರ್ನಾಟಕದಲ್ಲಿ ಮಿನಿ ಟ್ರ್ಯಾಕ್ಟರ್ ಹೊಸ ಸಂಗತಿಯೇನಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ತಂತ್ರಜ್ಞಾನದಲ್ಲಿ ಪವರ್ ಟಿಲ್ಲರ್, ಆಮೇಲೆ ಸಣ್ಣ ಟ್ರ್ಯಾಕ್ಟರ್ ಮಾಡಿತು. ಮೂರು ಸಿಲಿಂಡರಿನ, 18.5 ಅಶ್ವಶಕ್ತಿಯ ಅದರ ‘ಎಂಟಿ 180 ಡಿ’ ಅಡಿಕೆ ಸಾಲಿನ ನಡುವೆ, ದಾಳಿಂಬೆ ತೋಟದೊಳಗೆ, ದೊಡ್ಡ ಗಾಡಿ ತಿರುಗಲಾರದ ತುಂಡು ಹೊಲಗಳಲ್ಲಿ ನುಸುಳುತ್ತದೆ. ಈ ಬಗೆಯ ಗಾಡಿಗಳು ಬೇಗ ಗುಜರಿಗೆ ಹೋಗುವುದಿಲ್ಲ; ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಗುತ್ತ ಹೋಗುತ್ತವೆ. ಗಾಡಿಯ ಜೊತೆ ಬಂದ ಕೈಪಿಡಿ ಮೊದಲ ಮಾಲೀಕನ ಮನೆಯಲ್ಲೇ ಉಳಿಯುತ್ತದೆ. ಅವರ್ ಮೀಟರ್ ಯಾವಾಗಲೋ ನಿಂತಿರುತ್ತದೆ. ಫಿಲ್ಟರ್ ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಉತ್ತರ ಹೇಳುವವರು ಇರುವುದಿಲ್ಲ.

ಡೀಸೆಲ್ ಎಂಜಿನ್‌ಗೆ ಕಸವೆಂದರೆ ಆಗದು. ಇದಕ್ಕೆ ಚರಿತ್ರೆಯೂ ಇದೆ. 1900ರಲ್ಲಿ ಪ್ಯಾರಿಸ್‌ನ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು ಎಂದು ರುಡಾಲ್ಫ್ ಡೀಸೆಲ್ ಮುಂದೆ ಬರೆದಿದ್ದಾರೆ. ಆ ಕಾಲದ ದೈತ್ಯ ಎಂಜಿನ್‌ಗಳಲ್ಲಿ ಎಣ್ಣೆಯನ್ನು ಒಳಕ್ಕೆ ಊದುತ್ತಿದ್ದುದು ಸಂಕುಚಿತ ಗಾಳಿ. 1927ರಲ್ಲಿ ಜರ್ಮನಿಯ ಬಾಷ್ ಕಂಪನಿ ಡೀಸೆಲ್ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಈ ಎಂಜಿನ್ ಲಾರಿಗೂ ಟ್ರ್ಯಾಕ್ಟರ್‌ಗೂ ಹೊಂದುವಷ್ಟು ಚಿಕ್ಕದಾಯಿತು. ಆದರೆ ಪಂಪಿನ ಪ್ಲಂಜರ್‌ಗೂ ಬ್ಯಾರೆಲ್‌ಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಮರಳಿನ ಕಣ ಆ ಸಂದಿಗೆ ಸಿಕ್ಕರೆ ಉಕ್ಕನ್ನೇ ಗೀರುತ್ತದೆ. ಅಲ್ಲಿಂದ ಮುಂದೆ ಪಂಪು ಒತ್ತಡ ಕಟ್ಟುವುದಿಲ್ಲ, ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕಿಸುತ್ತದೆ.

ಬಾಷ್‌ನ ಭಾರತೀಯ ಕಂಪನಿ ಹುಟ್ಟಿದ್ದು 1951ರಲ್ಲಿ. ಅದೇ ಮೈಕೋ. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಿಂದ ಹೊರಟ ಪಂಪುಗಳು ದೇಶದ ಹೊಲಗಳನ್ನೆಲ್ಲ ಸುತ್ತಿವೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಈಗಲೂ ಮೈಕೋ ಪಂಪೇ. ಅಂಥ ಪಂಪಿನ ಮುಂದೆ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಜೋಡಿ ಫಿಲ್ಟರ್ ಇರುತ್ತದೆ. ಮೊದಲನೆಯ ಬಟ್ಟೆ ಫಿಲ್ಟರ್ ದಪ್ಪ ಕಸ ತಡೆದರೆ, ಎರಡನೆಯ ಪೇಪರ್ ಫಿಲ್ಟರ್ ಸಣ್ಣದನ್ನು ತಡೆಯುತ್ತದೆ. ಚಿಕ್ಕ ಗಾಡಿಗಳಲ್ಲಿ ಒಂದೇ ಫಿಲ್ಟರ್, ಅದರ ಕೆಳಗೆ ನೀರು ಇಳಿಯಲು ಒಂದು ಬಟ್ಟಲು ಇರುವುದುಂಟು.

ನೀರು ಎಲ್ಲಿಂದ ಬರುತ್ತದೆ? ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಅದರ ತೇವ ಹನಿಯಾಗಿ ಡೀಸೆಲ್‌ಗೆ ಸೇರುತ್ತದೆ. ಹನಿಗಳು ತಳಕ್ಕಿಳಿದು ತುಕ್ಕು ಹಿಡಿಸುತ್ತವೆ. ನೀರೂ ಡೀಸೆಲೂ ಕೂಡುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡಿ ಎಂಬ ಹಳೆಯ ಸಲಹೆಗೆ ಇದೇ ಕಾರಣ. ಇನ್ನು ಧೂಳು. ಬಂಕ್ ದೂರವಿರುವ ಊರುಗಳಿಗೆ ಡೀಸೆಲ್ ಕ್ಯಾನಿನಲ್ಲಿ ಬರುತ್ತದೆ. ಔಷಧ ತುಂಬಿದ್ದ ಕ್ಯಾನು, ಮುಚ್ಚಳ ಕಳೆದ ಕ್ಯಾನು, ಅಂಗಳದಲ್ಲಿ ಬಿದ್ದಿದ್ದ ಆಲಿಕೆ ಎಲ್ಲವೂ ಆ ದಾರಿಯಲ್ಲಿ ಭಾಗಿ. ಸತು ಲೇಪಿಸಿದ ತಗಡಿನ ಡಬ್ಬಿಯಲ್ಲಿ ಡೀಸೆಲ್ ಇಡಲೇಬಾರದು, ಸತು ಡೀಸೆಲ್ ಜೊತೆ ಬೆರೆತು ಫಿಲ್ಟರ್ ಕಟ್ಟಿಸುತ್ತದೆ.

ಫಿಲ್ಟರ್ ಕಟ್ಟಿದ ಗಾಡಿ ಮುಂಚೆಯೇ ಸೂಚನೆ ಕೊಡುತ್ತದೆ. ಖಾಲಿ ಓಡುವಾಗ ಸರಿಯಾಗಿದ್ದು, ರೋಟಾವೇಟರ್ ಇಳಿಸಿದೊಡನೆ ದಮ್ಮು ಕಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಶುರು ಮಾಡಿದರೆ ನಾಲ್ಕು ಸಾಲು ಹೋಗಿ ಪುನಃ ಅದೇ ಕತೆ. ಹೀಗಾದಾಗ ಪಂಪು ಬಿಚ್ಚುವ ಮೊದಲು ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಬೇಕು. ಮುಚ್ಚಳದಲ್ಲಿರುವ ಗಾಳಿ ತೂತಿಗೆ ಮಣ್ಣು ಕೂತಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಡೀಸೆಲ್ ಕೆಳಗಿಳಿಯುವುದಿಲ್ಲ. ಮುಚ್ಚಳ ಸಡಿಲಿಸಿದ ಮೇಲೆ ಗಾಡಿ ಸಲೀಸಾಗಿ ಓಡಿದರೆ ಖರ್ಚಿಲ್ಲದೆ ಕೆಲಸ ಮುಗಿಯಿತು. ಬಿಸಿಲಿಗೆ ಬಿರಿದ ರಬ್ಬರ್ ಪೈಪು, ಸಡಿಲವಾದ ಕ್ಲಿಪ್ಪು ಡೀಸೆಲ್ ಸೋರಿಸದೆಯೂ ಗಾಳಿ ಎಳೆದುಕೊಳ್ಳಬಲ್ಲವು. ಅವನ್ನೂ ನೋಡಬೇಕು.

ಫಿಲ್ಟರ್ ಬದಲಿಸುವ ಕ್ರಮ ಕಷ್ಟದ್ದಲ್ಲ, ಶುಚಿ ಬೇಕು. ಮೊದಲು ಫಿಲ್ಟರ್ ಸುತ್ತಲಿನ ಧೂಳು ಒರೆಸಿ, ಟ್ಯಾಂಕಿನ ಕಾಕ್ ಮುಚ್ಚಬೇಕು. ನೂಲು ಬಿಡುವ ಕಾಟನ್ ವೇಸ್ಟ್ ಒಳಭಾಗಕ್ಕೆ ಮುಟ್ಟಿಸಬಾರದು. ರಬ್ಬರ್ ರಿಂಗು, ತಾಮ್ರದ ವಾಷರ್ ಹೊಸದೇ ಹಾಕಬೇಕು. ಹಳೆಯದು ಕೂತರೆ ಅಲ್ಲಿಂದಲೇ ಗಾಳಿ ನುಗ್ಗುತ್ತದೆ. ಆಮೇಲೆ ಏರ್ ತೆಗೆಯುವುದು: ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಇದ್ದರೆ ಒತ್ತುತ್ತ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಯಬೇಕು. ನಂತರ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ. ಎಂಜಿನ್ ತಿರುಗುವಾಗ ನಾಜಲ್ ಪೈಪಿನ ಸೋರಿಕೆಯನ್ನು ಬರಿಗೈಯಿಂದ ಮುಟ್ಟಿ ನೋಡುವುದು ಅಪಾಯ. ವಾತಾವರಣದ ಒತ್ತಡದ ನೂರು ಪಟ್ಟಿಗೂ ಮೀರಿದ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೊಕ್ಕರೆ ತಡಮಾಡದೆ ಆಸ್ಪತ್ರೆಗೇ ಹೋಗಬೇಕು.

ಫಿಲ್ಟರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದನ್ನು ಆಯಾ ಗಾಡಿಯ ಕೈಪಿಡಿ ಹೇಳುತ್ತದೆ. 200ರಿಂದ 400 ಗಂಟೆಯೊಳಗೆ ಬದಲಿಸಿ ಎನ್ನುವುದು ಸಾಮಾನ್ಯ ಲೆಕ್ಕ. ಧೂಳಿನ ಸೀಮೆಯಲ್ಲಿ ಚಿಕ್ಕ ಲೆಕ್ಕವೇ ಲೇಸು. ಮೀಟರ್ ನಿಂತಿದ್ದರೆ ಡೀಸೆಲನ್ನೇ ಮೀಟರ್ ಮಾಡಿಕೊಳ್ಳಬಹುದು. ಗಂಟೆಗೆ ಎರಡು ಲೀಟರ್ ಕುಡಿಯುವ ಗಾಡಿಗೆ 400 ಲೀಟರ್ ಹಾಕಿದ್ದೀರಿ ಎಂದರೆ 200 ಗಂಟೆ ಓಡಿದೆ ಎಂದರ್ಥ.

ಇಷ್ಟು ಸುಲಭವಾದದ್ದನ್ನು ರೈತರು ಏಕೆ ಮಾಡುವುದಿಲ್ಲ ಎಂದು ದೂರುವುದೂ ಸುಲಭ. ಆದರೆ ಬಿತ್ತನೆಯ ಮುಂಚೆ ಬೀಜಕ್ಕೆ, ಗೊಬ್ಬರಕ್ಕೆ ಸಾಲ ಹುಡುಕುವವರು ಓಡುತ್ತಿರುವ ಗಾಡಿಗೆ ದುಡ್ಡು ಹಾಕುವುದಿಲ್ಲ. ಫಿಲ್ಟರ್ ಕಟ್ಟಿದಾಗ ಹೊಸದಕ್ಕೆ ಪಟ್ಟಣಕ್ಕೆ ಹೋಗಿಬರುವಷ್ಟರಲ್ಲಿ ಹದ ಹೋಗುತ್ತದೆ. ಅದಕ್ಕೇ ಪೇಪರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸುವುದು ನಡೆಯುತ್ತದೆ. ತೊಳೆದ ಪೇಪರ್ ಹಿಗ್ಗಿ, ಹರಿದು, ಹಿಡಿದಿಟ್ಟ ಕಸವನ್ನೂ ಪಂಪಿಗೆ ಬಿಡುತ್ತದೆ. ಫಿಲ್ಟರ್ ತೆಗೆದೇ ಓಡಿಸುವವರೂ ಇದ್ದಾರೆ. ಆ ದಿನದ ಬಿತ್ತನೆ ಮುಗಿಯುತ್ತದೆ ನಿಜ, ಬಿಲ್ಲು ಸುಗ್ಗಿಯ ಹೊತ್ತಿಗೆ ಬರುತ್ತದೆ.

ಸರ್ಕಾರದ ಹಣ ಈ ಕ್ಷೇತ್ರಕ್ಕೆ ಬಂದಿಲ್ಲವೆಂದಲ್ಲ. 2014–15ರಿಂದ ‘ಕೃಷಿ ಯಂತ್ರಧಾರೆ’ ಕೇಂದ್ರಗಳು ಬಂದವು, ಬಾಡಿಗೆಗೆ ಯಂತ್ರ ಸಿಗುವಂತಾಯಿತು. 2022–23ರ ಬಜೆಟ್‌ನಲ್ಲಿ ‘ರೈತ ಶಕ್ತಿ’ ಯೋಜನೆ ಪ್ರಕಟವಾಗಿ, ಡೀಸೆಲ್ ಖರ್ಚಿಗೆಂದು ಎಕರೆಗೆ ₹250ರಂತೆ ಗರಿಷ್ಠ ಐದು ಎಕರೆಗೆ ನೆರವು ಘೋಷಣೆಯಾಯಿತು. ಖರೀದಿಗೆ, ಬಾಡಿಗೆಗೆ, ಡೀಸೆಲ್‌ಗೆ ಯೋಚನೆ ನಡೆದಿದೆ. ನಿರ್ವಹಣೆಗೆ ಮಾತ್ರ ನಡೆದಿಲ್ಲ.

ಖಾಸಗಿ ಗಾಡಿಯ ಫಿಲ್ಟರ್ ನೋಡುವುದು ಸರ್ಕಾರದ ಕೆಲಸವೇ ಎಂದು ಕೇಳುವವರಿದ್ದಾರೆ. ಎತ್ತೂ ಖಾಸಗಿ ಆಸ್ತಿಯೇ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಸಿಬ್ಬಂದಿ ಊರೂರಿಗೇ ಬರುತ್ತಾರೆ. ಹಳ್ಳಿಕಾರ್ ಎತ್ತುಗಳ ನಾಡಾದ ತುಮಕೂರು ಜಿಲ್ಲೆಯಲ್ಲಿ ಎತ್ತಿನ ಕೆಲಸವನ್ನು ಬಹುಪಾಲು ಟ್ರ್ಯಾಕ್ಟರ್ ವಹಿಸಿಕೊಂಡಿದೆ. ಕೆಲಸ ಬದಲಾದಂತೆ ಕಾಳಜಿಯೂ ಬದಲಾಗಬೇಡವೇ?

ಮಾಡಬೇಕಾದ್ದು ದೊಡ್ಡದೇನೂ ಅಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದ ಅಂಗಳದಲ್ಲಿ ಎರಡು ದಿನದ ತಪಾಸಣೆ ಶಿಬಿರ ನಡೆಯಲಿ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್ ಕಲಿಯುವ ಹುಡುಗ–ಹುಡುಗಿಯರಿಗೆ ಬೋಧಕರ ಕಣ್ಣಳತೆಯಲ್ಲಿ ಕೈ ಪಳಗಿಸಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ದಕ್ಷಿಣ ಭಾರತದ ರೈತರಿಗೆಂದೇ ಕೇಂದ್ರ ಸರ್ಕಾರ ನಡೆಸುವ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇರುವುದು ಪಾವಗಡದ ಪಕ್ಕದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ನಾಲ್ಕು ತಾಲ್ಲೂಕುಗಳಿಂದ ಪ್ರತಿ ವರ್ಷ ಒಂದಷ್ಟು ಯುವಕರನ್ನು ಅಲ್ಲಿಗೆ ಕಳಿಸಲು ಕೃಷಿ ಇಲಾಖೆಗೆ ಏನು ಅಡ್ಡಿ? ಜೊತೆಗೆ, ಆಯಾ ಹೋಬಳಿಯಲ್ಲಿ ಹೆಚ್ಚು ಓಡುವ ಮಾದರಿಗಳ ಅಸಲಿ ಫಿಲ್ಟರ್, ವಾಷರ್‌ಗಳು ಬೀಜ–ಗೊಬ್ಬರದ ಪಕ್ಕದಲ್ಲೇ ಸಹಕಾರ ಸಂಘದ ಮಳಿಗೆಯಲ್ಲಿ ಸಿಗಲಿ. ಹುಲಿಕುಂಟೆ ಹೋಬಳಿಯಲ್ಲಿ ಒಂದು ಮುಂಗಾರಿಗೆ ಇದನ್ನು ನಡೆಸಿ, ಬಿತ್ತನೆಯಲ್ಲಿ ಕೆಟ್ಟು ನಿಂತ ಗಾಡಿಗಳ ಪಟ್ಟಿಯನ್ನು ಹಿಂದಿನ ವರ್ಷದ್ದರ ಜೊತೆ ಇಟ್ಟು ನೋಡಿದರೆ, ಉಳಿದ ಹೋಬಳಿಗಳಿಗೆ ಹಣ ಕೇಳಲು ಶಾಸಕರ ಕೈಯಲ್ಲಿ ಒಂದು ಲೆಕ್ಕವಾದರೂ ಇರುತ್ತದೆ.