ಟರ್ಬೊ ಕಟ್ಟುವವರು ಕಳ್ಳರಲ್ಲ

ಹದಿನೆಂಟು ತುಂಬಿ, ಗೇರ್ ಬೈಕಿನ ಲೈಸೆನ್ಸ್ ಕೈಗೆ ಬಂದ ಮಾರನೇ ದಿನವೇ ಒಬ್ಬ ಹುಡುಗ ಶೋರೂಮಿಗೆ ಹೋಗಿ ಸುಜುಕಿ ಹಯಬುಸಾ ತರಬಹುದು. 1,340 ಸಿಸಿ, ಸುಮಾರು 190 ಅಶ್ವಶಕ್ತಿ. ಅಪ್ಪನ ಹತ್ತಿರ ದುಡ್ಡಿದ್ದರೆ ಸಾಕು, ಕಾನೂನು ಅವನನ್ನು ಇನ್ನೊಂದು ಮಾತು ಕೇಳುವುದಿಲ್ಲ. ಅದೇ ಬೀದಿಯಲ್ಲಿ, ಹದಿನೈದು ವರ್ಷ ಲೇತ್ ಮುಂದೆ ನಿಂತು ಕೆಲಸ ಕಲಿತ ಇನ್ನೊಬ್ಬ ತನ್ನ ರಾಯಲ್ ಎನ್‌ಫೀಲ್ಡ್ 650ಕ್ಕೆ ಒಂದು ಸಣ್ಣ ಟರ್ಬೊ ಕೂರಿಸಿ, 47 ಅಶ್ವಶಕ್ತಿಯನ್ನು 65ರ ಆಸುಪಾಸಿಗೆ ಏರಿಸಿ ರಸ್ತೆಗಿಳಿಸಿದರೆ ಅಪರಾಧಿ. ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ.

ಹಾಗಾದರೆ ಈ ಕಾನೂನಿಗೆ ಭಯ ಇರುವುದು ವೇಗದ ಬಗ್ಗೆ ಅಲ್ಲ. ಗಾಳಿಯನ್ನು ಒತ್ತಿ ತುಂಬುವುದರ ಬಗ್ಗೆಯೂ ಅಲ್ಲ. ಕಾರ್ಖಾನೆಯಲ್ಲೇ ಸೂಪರ್‌ಚಾರ್ಜರ್ ಕೂರಿಸಿದ ಕವಾಸಾಕಿ ಎಚ್2 ಇದೇ ದೇಶದಲ್ಲಿ ನಂಬರ್ ಪ್ಲೇಟ್ ಹಾಕಿಕೊಂಡು ಓಡಾಡಿದೆ. ಭಯ ಇರುವುದು ಕಟ್ಟಿದವನು ಕಂಪನಿಯಲ್ಲ, ವ್ಯಕ್ತಿ ಎಂಬುದರ ಬಗ್ಗೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಷ್ಟು: ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮೇಲೆ ಹೇಳಿದ ಶಿಕ್ಷೆ ಸೇರಿತು. ಕೋರ್ಟನ್ನು ದೂರುವುದರಲ್ಲಿ ಅರ್ಥವಿಲ್ಲ, ಕಾಯ್ದೆಯಲ್ಲಿ ಇದ್ದದ್ದನ್ನು ಅದು ಹೇಳಿದೆ. ತಕರಾರು ಕಾಯ್ದೆಯ ಮೇಲೆ. ಇದೇ ಕಾಯ್ದೆ ಸಿಎನ್‌ಜಿ ಕಿಟ್ ಹಾಕಿಸಿಕೊಳ್ಳುವವನಿಗೆ ದಾರಿ ಬಿಟ್ಟಿದೆ. ಡಿಕ್ಕಿಯಲ್ಲಿ 200 ಬಾರ್ ಒತ್ತಡದ ಸಿಲಿಂಡರ್ ಇಟ್ಟುಕೊಂಡು, ಪರೀಕ್ಷೆ ಮಾಡಿಸಿ, ಆರ್‌ಸಿಯಲ್ಲಿ ಬರೆಸಿಕೊಂಡು ಓಡಾಡಬಹುದು. ಅಂದರೆ ಬದಲಾವಣೆಯನ್ನು ನೋಡಿ, ಅಳೆದು, ಒಪ್ಪುವ ಅಭ್ಯಾಸ ಸರ್ಕಾರಕ್ಕೆ ಇದೆ. ಬೈಕಿನ ವಿಷಯದಲ್ಲಿ ಮನಸ್ಸಿಲ್ಲ, ಅಷ್ಟೆ.

ಟರ್ಬೊ ಹಾಕುವುದೆಂದರೆ ಪಡ್ಡೆ ಹುಡುಗರ ಶೋಕಿ ಎಂದುಕೊಂಡವರು ಆ ಕೆಲಸವನ್ನು ಹತ್ತಿರದಿಂದ ನೋಡಿಲ್ಲ. ವ್ಯರ್ಥವಾಗಿ ಹೊರಹೋಗುವ ಹೊಗೆಯ ಬಿಸಿ ಮತ್ತು ಒತ್ತಡದಿಂದ ಒಂದು ಚಕ್ರ ತಿರುಗಿಸಿ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರದಿಂದ ಇಂಜಿನ್ನಿಗೆ ಗಾಳಿ ತುಂಬುವುದು: ತತ್ವ ಇಷ್ಟೇ. ಸ್ವಿಸ್ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದರ ಪೇಟೆಂಟ್ ಪಡೆದದ್ದು 1905ರಲ್ಲಿ. ತೊಡಕಿರುವುದು ವಿವರಗಳಲ್ಲಿ. ಸಣ್ಣ ಟರ್ಬೊದ ಕಡ್ಡಿ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ಹೋಗುತ್ತದೆ, ಅದನ್ನು ಹಿಡಿದಿರುವುದು ಎಣ್ಣೆಯ ಒಂದು ತೆಳು ಪದರ. ಆ ಎಣ್ಣೆ ಒತ್ತಡದಲ್ಲಿ ಒಳಗೆ ಬರಬೇಕು, ತನ್ನ ಭಾರಕ್ಕೆ ತಾನೇ ಕೆಳಗಿಳಿದು ಹೋಗಬೇಕು. ಕಾರಿನಲ್ಲಿ ಟರ್ಬೊ ಎಣ್ಣೆ ತೊಟ್ಟಿಗಿಂತ ಮೇಲಿರುತ್ತದೆ, ಚಿಂತೆಯಿಲ್ಲ. ಬೈಕಿನಲ್ಲಿ ಜಾಗ ಸಿಗುವುದು ಇಂಜಿನ್ನಿನ ಮುಂದೆ, ಅದೂ ಕೆಳಗೆ. ಎಣ್ಣೆ ಮೇಲಕ್ಕೆ ಹತ್ತುವುದಿಲ್ಲವಲ್ಲ. ಅದನ್ನು ಎಳೆದು ವಾಪಸು ಕಳಿಸಲು ಬೇರೆ ಪಂಪು ಬೇಕು. ಇದನ್ನು ಮರೆತವನ ಬೈಕು ಮೊದಲ ದಿನವೇ ನೀಲಿ ಹೊಗೆ ಉಗುಳುತ್ತದೆ.

ಆಮೇಲೆ ಶಾಖ. 35 ಡಿಗ್ರಿಯ ಸಾಧಾರಣ ಮಧ್ಯಾಹ್ನ, ಹೈದರಾಬಾದಿನಲ್ಲೋ ಚೆನ್ನೈನಲ್ಲೋ ಎಂದುಕೊಳ್ಳಿ. ಅರ್ಧ ಬಾರ್ ಬೂಸ್ಟ್, ಅಂದರೆ ವಾತಾವರಣದ ಒಂದೂವರೆ ಪಟ್ಟು ಒತ್ತಡ. ಕಂಪ್ರೆಸರ್ 65 ಶೇಕಡಾ ದಕ್ಷತೆಯದ್ದಾದರೆ ಹೊರಬರುವ ಗಾಳಿಯ ಬಿಸಿ 90 ಡಿಗ್ರಿ ದಾಟುತ್ತದೆ. ಲೆಕ್ಕ ಕಷ್ಟದ್ದಲ್ಲ, ಇಂಜಿನಿಯರಿಂಗ್ ಎರಡನೇ ವರ್ಷದ ಥರ್ಮೊಡೈನಮಿಕ್ಸ್. ಈ ಬಿಸಿಗಾಳಿಯನ್ನು ಎನ್‌ಫೀಲ್ಡಿನ 9.5 ಪಟ್ಟು ಸಂಕೋಚನಕ್ಕೆ ಹಾಗೇ ಒಪ್ಪಿಸಿದರೆ ಪೆಟ್ರೋಲು ಕಿಡಿ ಹೊತ್ತಿಸಿದ ಜ್ವಾಲೆ ತನ್ನವರೆಗೆ ಬರಲು ಕಾಯುವುದಿಲ್ಲ, ತಾನೇ ಸಿಡಿಯುತ್ತದೆ. ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಕೇಳಿದರೆ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ. ಒಂದೆರಡು ನಿಮಿಷ ಕೇಳಿಸಿಕೊಳ್ಳದೆ ಓಡಿಸಿದರೆ ಪಿಸ್ಟನ್ನಿಗೆ ತೂತು. ಆದ್ದರಿಂದ ಇಂಟರ್‌ಕೂಲರ್, ಕಡಿಮೆ ಸಂಕೋಚನದ ಪಿಸ್ಟನ್, ಕಿಡಿಯನ್ನು ತುಸು ತಡಮಾಡುವುದು, ಬೂಸ್ಟ್ ಬಂದಾಗ ಪೆಟ್ರೋಲನ್ನು ಧಾರಾಳವಾಗಿ ಕೊಡುವುದು.

ಎಷ್ಟು ಧಾರಾಳ? ಅದೇ ಟ್ಯೂನಿಂಗ್. ಕಂಪನಿಯ ಒತ್ತಡದ ಸೆನ್ಸರ್ ವಾತಾವರಣದ ಒತ್ತಡದಾಚೆ ಕುರುಡು. ಅದನ್ನು ಬದಲಿಸಬೇಕು, ಇಂಜೆಕ್ಟರ್ ದೊಡ್ಡದಾಗಬೇಕು, ಬೀಗ ಹಾಕಿದ ಇಸಿಯು ಬದಲು ನಾವೇ ಬರೆಯಬಹುದಾದ ಇಸಿಯು ಬೇಕು. ಸ್ಪೀಡುಇನೊ ಎಂಬ ಮುಕ್ತ ಇಸಿಯುವಿನ ಇಂಧನ ಕೋಷ್ಟಕದಲ್ಲಿ ಅಡ್ಡ 16, ಉದ್ದ 16, ಒಟ್ಟು 256 ಚೌಕ. ಒಂದೊಂದು ಚೌಕವೂ ಇಂಜಿನ್ನಿನ ಒಂದು ಸ್ಥಿತಿ: ಇಷ್ಟು ವೇಗ, ಇಷ್ಟು ಒತ್ತಡ, ಇಷ್ಟು ಪೆಟ್ರೋಲು. ಡೈನೊ ಮೇಲೆ ಬೈಕು ಕಟ್ಟಿ, ಹೊಗೆ ಕೊಳವೆಯಲ್ಲಿ ಆಮ್ಲಜನಕದ ಸೆನ್ಸರ್ ಇಟ್ಟು, ಒಂದೊಂದೇ ಚೌಕ ತುಂಬುತ್ತ ಹೋಗಬೇಕು. 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು ಬಂದಮೇಲೆ ಹಳೆಯ ಲೆಕ್ಕಗಳನ್ನು ಇನ್ನೊಮ್ಮೆ ನೋಡಬೇಕಾಯಿತು. ಎಥನಾಲ್ ನಾಕಿಂಗ್ ತಡೆಯುತ್ತದೆ, ಆದರೆ ಅದೇ ಗಾಳಿಗೆ ಹೆಚ್ಚು ಇಂಧನ ಕೇಳುತ್ತದೆ. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಇದನ್ನು ಮಾಡುವವರು ವ್ಹೀಲಿ ಹೊಡೆಯುವ ಪೋಕರಿಗಳಲ್ಲ. ದೇಶಕ್ಕೆ ಬೇಕು ಬೇಕು ಎಂದು ಭಾಷಣದಲ್ಲಿ ಕೇಳುವ ಕೌಶಲ ಇದೇ ತಾನೆ?

ನಾನಿರುವ ಪುಣೆಯಲ್ಲಿ, ಭೋಸರಿಯ ಕಾರ್ಖಾನೆಗಳಲ್ಲಿ ಬೆಳಗಾವಿ, ಹುಬ್ಬಳ್ಳಿ ಕಡೆಯವರು ಬೇಕಾದಷ್ಟು ಸಿಗುತ್ತಾರೆ. ಹಾಗೆ ಪರಿಚಯವಾದ ಬೆಳಗಾವಿಯವರೊಬ್ಬರು ಎರಡು ವರ್ಷ ಹಿಡಿದು ಇಂಥದ್ದೊಂದು ಬೈಕು ಕಟ್ಟಿದ್ದಾರೆ. ಅವರ ವೆಲ್ಡಿಂಗ್ ನೋಡಿ ಒಂದು ಫೋಟೊ ತೆಗೆಯಲೇ ಎಂದೆ. “ಬ್ಯಾಡ್ರೀ ಸರ್, ಯಾರರೆ ನೋಡಿದ್ರ ಸುಮ್ನ ತಲಿನೋವು” ಎಂದರು. ಕಳ್ಳಮಾಲು ಬಚ್ಚಿಟ್ಟವರ ದನಿ ಅದು. ಇಂಥ ಕೈಕೆಲಸದವನ ಬಾಯಲ್ಲಿ ಆ ದನಿ ಬರುವ ಹಾಗೆ ಮಾಡಿದ್ದನ್ನೇ ನಾನು ಈ ಕಾನೂನಿನ ದೊಡ್ಡ ತಪ್ಪು ಎನ್ನುವುದು. ಬಚ್ಚಿಟ್ಟ ಕೆಲಸವನ್ನು ಇನ್ನೊಬ್ಬ ಬಲ್ಲವನು ನೋಡಿ ತಿದ್ದುವುದಿಲ್ಲ. ವಿಮಾ ಕಂಪನಿಗೂ ಹೇಳುವಂತಿಲ್ಲ. ಹೇಳದಿದ್ದರೆ, ನಾಳೆ ಆ ಬೈಕು ಯಾರಿಗಾದರೂ ಗುದ್ದಿದಾಗ ಪರಿಹಾರಕ್ಕೆ ಕೋರ್ಟು ಅಲೆಯಬೇಕಾದವನು ಪೆಟ್ಟು ತಿಂದ ದಾರಿಹೋಕ.

ಎದುರು ವಾದ ಹಗುರದ್ದಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು, ಅವರಲ್ಲಿ ನೂರಕ್ಕೆ ನಲವತ್ತನಾಲ್ಕು ಮಂದಿ ದ್ವಿಚಕ್ರದ ಮೇಲಿದ್ದವರು. ಹಯಬುಸಾದ ಬ್ರೇಕು, ಚಾಸಿ, ಟೈರು 190 ಅಶ್ವಶಕ್ತಿಗೆಂದೇ ಮಾಡಿದವು. ನಿಮ್ಮ ಗ್ಯಾರೇಜಿನ ಬೈಕಿನ ಬ್ರೇಕು 47ಕ್ಕೆ ಮಾಡಿದ್ದು, ಎನ್ನುತ್ತಾರೆ. ನಿಜ. ಆದರೆ ಇದು ಬ್ರೇಕು ಪರೀಕ್ಷಿಸಿ ಎನ್ನುವುದಕ್ಕೆ ವಾದ, ನಿಷೇಧಿಸಿ ಎನ್ನುವುದಕ್ಕಲ್ಲ. ಆರ್‌ಟಿಒಗಳಿಗೆ ಇದನ್ನು ನೋಡುವ ಶಕ್ತಿಯಿಲ್ಲ, ಕೊನೆಗೆ ಏಜೆಂಟನ ಕೈ ಬಿಸಿಯಾಗುತ್ತದೆ ಎಂದು ಇನ್ನು ಕೆಲವರು. ಅದೂ ನಿಜವಿರಬಹುದು. ಹಾಗಿದ್ದರೆ ಆರ್‌ಟಿಒಗೆ ಕೊಡಬೇಡಿ. ಪುಣೆಯ ಗುಡ್ಡದ ಮೇಲೆ ಎಆರ್‌ಎಐ ಇದೆ, ಮಾನೇಸರದಲ್ಲಿ ಐಕ್ಯಾಟ್ ಇದೆ. ಕಂಪನಿಗಳ ಹೊಸ ಮಾದರಿಗಳು ಅಲ್ಲೇ ಪರೀಕ್ಷೆಗೆ ನಿಲ್ಲುತ್ತವೆ. ಒಂದೇ ಒಂದು ಬೈಕು ಕಟ್ಟಿದವನು ಅಲ್ಲಿಗೆ ಹೋಗಿ “ನೋಡಿ, ಬರೆದುಕೊಡಿ” ಎನ್ನುವ ಕಿಟಕಿ ಮಾತ್ರ ಇಲ್ಲ.

ಬ್ರಿಟನ್ನಿನಲ್ಲಿ ಆ ಕಿಟಕಿ ಇದೆ. ಮನೆಯಲ್ಲಿ ಕಟ್ಟಿದ ಒಂಟಿ ಬೈಕನ್ನೂ ಬ್ರೇಕು, ಶಬ್ದ, ಹೊಗೆ, ದೀಪ ಎಂದು ನೋಡಿ ಒಪ್ಪುವ ಪ್ರತ್ಯೇಕ ಪರೀಕ್ಷೆ ಅದು. ಜರ್ಮನಿಯವರು ಇನ್ನೂ ಕಟ್ಟುನಿಟ್ಟು: ಟಿಯುವಿಯ ಪರಿಣತ ಒಂದೊಂದು ಭಾಗ ನೋಡಿ ವಾಹನದ ಕಾಗದಪತ್ರದಲ್ಲಿ ಬರೆಯುತ್ತಾನೆ, ಬರೆಯದಿದ್ದರೆ ರಸ್ತೆಗಿಲ್ಲ. ನನಗೆ ಜರ್ಮನಿಯ ಕ್ರಮವೇ ಇಷ್ಟ.

ಶಬ್ದದ ಮಾತು ಬಂತು. ಊರೂರಲ್ಲಿ ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ನೀವು ನೋಡಿರುತ್ತೀರಿ. ನನಗೆ ಸಂತೋಷವೇ. ಆಸ್ಪತ್ರೆ ಮುಂದೆ ಪಟಾಕಿ ಹೊಡೆಸುವವನಿಗೂ ಇಂಜಿನಿಯರಿಂಗಿಗೂ ಸಂಬಂಧವಿಲ್ಲ. ತಮಾಷೆಯೆಂದರೆ ಟರ್ಬೈನು ಹೊಗೆಯ ಹೊಡೆತವನ್ನು ತಾನೇ ನುಂಗುವುದರಿಂದ ಟರ್ಬೊ ಬೈಕು ಅಷ್ಟರ ಮಟ್ಟಿಗೆ ಮೆತ್ತಗೇ ಇರುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಇಬ್ಬರೂ ಒಂದೇ.

ನಮ್ಮವರಿಗೂ ನಾಲ್ಕು ಮಾತು. ಪುದುಪೇಟೆಯಲ್ಲೋ ಮಾಯಾಪುರಿಯಲ್ಲೋ ಗುಜರಿ ಡೀಸೆಲ್ ಕಾರಿನ ಟರ್ಬೊ ಅಗ್ಗಕ್ಕೆ ಸಿಗುತ್ತದೆಂದು ತಂದು, ಒಂದು ವಾರದಲ್ಲಿ ಬೆಸೆದು, ರೀಲ್ ಹಾಕಿ “ನೂರು ಅಶ್ವಶಕ್ತಿ” ಎನ್ನುವವರು ಈ ವಾದವನ್ನು ಒಳಗಿನಿಂದ ಕೊಲ್ಲುತ್ತಿದ್ದಾರೆ. ಡೀಸೆಲ್ ಹೊಗೆಗಿಂತ ಪೆಟ್ರೋಲ್ ಹೊಗೆ ಇನ್ನೂರು ಡಿಗ್ರಿಯಷ್ಟು ಹೆಚ್ಚು ಬಿಸಿ, ಅದಕ್ಕೆ ಆ ಲೋಹ ತಡೆಯುತ್ತದೆಯೇ ಎಂದು ಕೇಳಿದವರೆಷ್ಟು? ಡೈನೊ ಹಾಳೆ ಎಲ್ಲಿ? ಮುಂದಿನ ಬ್ರೇಕು ಬದಲಿಸಿದಿರಾ? 1978ರಲ್ಲಿ ಅಮೆರಿಕದಲ್ಲಿ ಟರ್ಬೊ ಕಿಟ್ ಹಾಕಿ ಮಾರಿದ ಕವಾಸಾಕಿಗೆ ವಾರಂಟಿಯೇ ಇರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಜಪಾನಿನ ನಾಲ್ಕೂ ಕಂಪನಿಗಳು ಟರ್ಬೊ ಬೈಕು ಮಾಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟವು. ಅವರಿಗೇ ಕಷ್ಟವಾದದ್ದು ನಮಗೆ ವಾರದಲ್ಲಿ ಆಗುವುದಿಲ್ಲ.

ಬರೀ ಟ್ರ್ಯಾಕಿನಲ್ಲಿ ಓಡಿಸಿ ಎನ್ನುವವರಿಗೆ: ಕೊಯಮತ್ತೂರಿನ ಕಾರಿ, ಚೆನ್ನೈ ಹೊರಗಿನ ಇರುಂಗಾಟುಕೋಟೈ, ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. ಇಷ್ಟು ದೊಡ್ಡ ದೇಶಕ್ಕೆ ಹೆಸರಿಸಲು ಒಂದು ಕೈ ಬೆರಳು ಸಾಕು.

ಆದ್ದರಿಂದ ಬೇಡಿಕೆ ಒಂದೇ: ಎಆರ್‌ಎಐ, ಐಕ್ಯಾಟ್‌ಗಳಲ್ಲಿ ಒಂಟಿ ವಾಹನಕ್ಕೊಂದು ಕಿಟಕಿ. ಬ್ರೇಕು, ಚಾಸಿ, ಶಬ್ದ, ಹೊಗೆ, ಎಣ್ಣೆ ಸೋರಿಕೆ, ಬಿಸಿ ಕೊಳವೆಗೆ ಕವಚ, ಎಲ್ಲವನ್ನೂ ನೋಡಲಿ. ಶುಲ್ಕ 25,000 ಇಡಲಿ, ಕಟ್ಟುವವರು ಟರ್ಬೊಗೆ ಅದಕ್ಕಿಂತ ಹೆಚ್ಚು ಸುರಿದಿರುತ್ತಾರೆ. ಪಾಸಾದರೆ ಹೊಸ ಅಶ್ವಶಕ್ತಿಯನ್ನು ಆರ್‌ಸಿಯಲ್ಲಿ ಬರೆಯಲಿ, ವಿಮೆಯವರು ಕಂತು ಏರಿಸಿಕೊಳ್ಳಲಿ. ಫೇಲಾದರೆ ಏಕೆಂದು ಒಂದು ಹಾಳೆಯಲ್ಲಿ ಬರೆದುಕೊಡಲಿ. ಟ್ರೇಲರ್ ಮೇಲೆ ಹೇರಿಕೊಂಡು ವಾಪಸು ಹೋಗಿ, ತಿದ್ದಿಕೊಂಡು ಮತ್ತೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ.